ಹಳೆಯ .45 ನಂಬಬಹುದಾ, ಹೊಸ .32 ಸಾಕಾ? ಪಿಸ್ತೂಲು ಆರಿಸಲು ಸಲಹೆ ಬೇಕು

ಆಲೆಮನೆ_ಪಾಂಡವಪುರ
ಎಲ್ಲರಿಗೂ ನಮಸ್ಕಾರ. ಪಾಂಡವಪುರದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಸೀಸನ್‌ನಲ್ಲಿ ಮಂಡ್ಯದಿಂದ ಬೆಲ್ಲದ ದುಡ್ಡು ತರುವುದು, ಕೂಲಿಯವರಿಗೆ ಬಟವಾಡೆ ಮಾಡುವುದು ಎಲ್ಲ ನಾನೇ. ಮನೆ ಊರಿಂದ ಆಚೆ, ಕಬ್ಬಿನ ಗದ್ದೆ ನಡುವೆ ಇದೆ. ಪಿಸ್ತೂಲಿಗೆ ಲೈಸೆನ್ಸ್ ಮಂಜೂರಾಗಿದೆ, ಎನ್‌ಪಿಬಿ, ಅಂದರೆ ನಿಷೇಧವಿಲ್ಲದ ಬೋರ್ (ನಳಿಗೆಯ ಒಳ ಅಳತೆ; .45, .32 ಅನ್ನುವುದು ಇಂಚಿನ ಲೆಕ್ಕ).

ಈಗ ಎರಡು ದಾರಿ ಇವೆ. ಮೈಸೂರಿನ ಹಿರಿಯರೊಬ್ಬರ ಹತ್ತಿರ ಹಳೆಯ .45 ಕೋಲ್ಟ್ 1911 ಇದೆ. ವಯಸ್ಸಾಯಿತು ಅಂತ ಮಾರುತ್ತಿದ್ದಾರೆ. ರೇಟು ಕೆಲವು ಲಕ್ಷ. ಇಲ್ಲದಿದ್ದರೆ ಅಂಗಡಿಯಲ್ಲಿ ಹೊಸ .32 ಅಶನಿ (ನಮ್ಮ ಸರ್ಕಾರಿ ಕಾರ್ಖಾನೆಯ ಪಿಸ್ತೂಲು) ತಗೊಳ್ಳಬೇಕು. ನನಗೆ ದೊಡ್ಡ ಬೋರೇ ಬೇಕು ಅಂತ ಮನಸ್ಸು. ಒಮ್ಮೆ ಕೈಗೆತ್ತಿಕೊಂಡರೆ ಅದು ಕೈಕೊಡಬಾರದು, ಅಷ್ಟೇ. ತಿಳಿದವರು ಹೇಳಿ.

ಗುರಿಕಾರ_ಮೈಸೂರು
ಬೋರ್ ವಿಷಯ ಆಮೇಲೆ ನೋಡೋಣ. ಮೊದಲು ಆ ಹಿರಿಯರನ್ನು ಮೂರು ಪ್ರಶ್ನೆ ಕೇಳಿ. .45 ಕಾಡತೂಸು ಎಷ್ಟಿದೆ, ಯಾವ ಕಾಲದ್ದು? ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಎಷ್ಟಿವೆ? ಕೊನೆಯ ಸಲ ಅದನ್ನು ಹಾರಿಸಿದ್ದು ಯಾವಾಗ? ಇದಕ್ಕೆ ಉತ್ತರ ಸಿಗದೆ ಒಂದು ರೂಪಾಯಿ ಮುಂಗಡ ಕೊಡಬೇಡಿ.

ಮದ್ದೂರಿನವ
ಅಣ್ಣ, ಕಣ್ಣು ಮುಚ್ಚಿಕೊಂಡು .45 ತಗೊಳ್ಳಿ. ಅದರ ಹೆಸರೇ ಸಾಕು. ನೂರು ವರ್ಷದಿಂದ ಪ್ರಪಂಚವೆಲ್ಲ ಒಪ್ಪಿದ ಪಿಸ್ತೂಲು.

ನಿವೃತ್ತ_ಹವಾಲ್ದಾರ್
ನಾನು ಸೇವೆಯಲ್ಲಿದ್ದಷ್ಟು ಕಾಲ ಸೊಂಟದಲ್ಲಿ ಇದ್ದದ್ದು ನಮ್ಮ 9 ಎಂಎಂ 1ಎ. ಇಶಾಪುರದ ರೈಫಲ್ ಫ್ಯಾಕ್ಟರಿಯದು. ಬ್ರೌನಿಂಗ್ ಹೈಪವರ್ ಮಾದರಿ, ಮ್ಯಾಗಜೀನ್‌ಗೆ 13 ರೌಂಡ್. ಧೂಳು, ಮಳೆ, ಚಳಿ ಎಲ್ಲದರಲ್ಲೂ ಕೆಲಸ ಮಾಡಿದೆ. 9 ಎಂಎಂ ಇದ್ದರೆ .45 ಯಾಕೆ, .32 ಯಾಕೆ?

ಸರಸ್ವತಿಪುರಂ_ವಕೀಲ
ಹವಾಲ್ದಾರ್ ಸರ್, ನಿಮ್ಮ ಅನುಭವಕ್ಕೆ ಗೌರವವಿದೆ. ಆದರೆ ಈ ಮಾತು ಓದಿ ಯಾರಾದರೂ ಹುಡುಕಲು ಹೊರಟರೆ ಕಷ್ಟ. ಸಾಮಾನ್ಯ ಲೈಸೆನ್ಸ್‌ನಲ್ಲಿ 9 ಎಂಎಂ ಸಿಗುವುದಿಲ್ಲ. ಸೇನೆ, ಪೊಲೀಸರು ಬಳಸುವ 9 ಎಂಎಂ ಕಾಡತೂಸು ಕೂರುವ ಪಿಸ್ತೂಲು ನಿಷೇಧಿತ ಬೋರ್ ಪಟ್ಟಿಯಲ್ಲಿದೆ. .380 ಮತ್ತು .455 ರಿಮ್ಡ್ (ತಳದಲ್ಲಿ ಅಂಚಿರುವ) ಕಾಡತೂಸಿನ ರಿವಾಲ್ವರ್‌ಗಳೂ ಅದೇ ಪಟ್ಟಿಯಲ್ಲಿವೆ. ನಿಯಮದ ಮಾತು ಬಹಳ ಸ್ಪಷ್ಟ. ಆ ಕಾಡತೂಸನ್ನು ತುಂಬಿ ಹಾರಿಸಲು ಆಗುತ್ತದೆ ಅಂದರೆ ಸಾಕು, ಅದು ನಿಷೇಧಿತ.

ಅಧಿಕಾರವಿಲ್ಲದೆ ನಿಷೇಧಿತ ಶಸ್ತ್ರ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಜೈಲು. ದಯವಿಟ್ಟು ಯಾರೂ ಹಗುರವಾಗಿ ತಗೊಳ್ಳಬೇಡಿ.

.45 ಎಸಿಪಿ, .32 ಎಸಿಪಿ (ಈ ಪಿಸ್ತೂಲುಗಳ ಕಾಡತೂಸಿನ ಹೆಸರು) ಎರಡೂ ಎನ್‌ಪಿಬಿ. ಆ ಮಟ್ಟಿಗೆ ಪಾಂಡವಪುರದವರ ಎರಡು ದಾರಿಯೂ ಕಾನೂನಿನ ಒಳಗೇ ಇವೆ.

ನಿವೃತ್ತ_ಹವಾಲ್ದಾರ್
ಕಾನೂನು ಒಪ್ಪಿದೆ. ನಾನು ಹೇಳಿದ್ದು ಪಿಸ್ತೂಲಿನ ಗುಣ.

ಕುವೆಂಪುನಗರ_ಹುಡುಗ
ಡೆಸರ್ಟ್ ಈಗಲ್ ಸಿಗಲ್ವಾ? .50 ಬೋರ್. ದೊಡ್ಡದು ಅಂದರೆ ಅದೇ ಅಲ್ವಾ?

ಗುರಿಕಾರ_ಮೈಸೂರು
ತಮ್ಮಾ, ಅದು ಹತ್ತಿರ ಹತ್ತಿರ 2 ಕಿಲೋ ತೂಗುತ್ತದೆ. ಗ್ಯಾಸ್ ಒತ್ತಡದಿಂದ ಓಡುವ ಯಂತ್ರ. ಕಾಡತೂಸು ಸರಿಯಾದ್ದು ಇರಬೇಕು, ಕೈ ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ಸಿಕ್ಕಿಹಾಕಿಕೊಳ್ಳುತ್ತದೆ. ಸೊಂಟದಲ್ಲಿ ಇಟ್ಟುಕೊಂಡು ಬೈಕ್ ಓಡಿಸುವ ಸಾಮಾನಲ್ಲ ಅದು. ಹೊರಗಿನಿಂದ ಪಿಸ್ತೂಲು ತರಿಸುವುದೂ ಸಾಮಾನ್ಯ ಲೈಸೆನ್ಸ್‌ದಾರರಿಗೆ ಆಗುವ ಮಾತಲ್ಲ. 1980ರ ದಶಕದಿಂದ ಆಮದಿಗೆ ತಡೆ ಇದೆ. ಹೆಸರು ಮಾಡಿದ ಶೂಟರ್‌ಗಳಿಗೆ, ರೈಫಲ್ ಸಂಸ್ಥೆಗಳಿಗೆ ಮಾತ್ರ ರಿಯಾಯಿತಿ. ಅದಕ್ಕೇ ಇಲ್ಲಿ ಹಳೆಯ ವಿದೇಶಿ ಪಿಸ್ತೂಲುಗಳಿಗೆ ಇಷ್ಟೊಂದು ಬೆಲೆ. ಆ ಬೆಲೆ ಕಟ್ಟುವುದು ಕೊರತೆಗೆ, ಗುಣಕ್ಕೆ ಅಲ್ಲ.

ಮದ್ದೂರಿನವ
ಗುಣಕ್ಕೆ ಅಲ್ಲ ಅಂದರೆ ಹೇಗೆ ಸರ್? ಬ್ರೌನಿಂಗ್ ಸಾಹೇಬ ರೂಪಿಸಿದ ಈ 1911ಕ್ಕೆ ಆದ ಪರೀಕ್ಷೆ ಗೊತ್ತಲ್ವಾ? ಅಮೆರಿಕದ ಸೈನ್ಯ 6,000 ಗುಂಡು ಹಾರಿಸಿ ನೋಡಿತು. ಒಂದು ಸಲವೂ ಸಿಕ್ಕಿಹಾಕಿಕೊಳ್ಳಲಿಲ್ಲ. ಎದುರಿಗಿದ್ದ ಸ್ಯಾವೇಜ್ ಪಿಸ್ತೂಲು 37 ಸಲ ಕೈಕೊಟ್ಟಿತು. ಅದೇ ತಿಂಗಳು, 1911ರ ಮಾರ್ಚ್ 29ರಂದು, ಸೈನ್ಯ ಅದನ್ನು ಒಪ್ಪಿಕೊಂಡಿತು. 1985ರವರೆಗೆ ಅವರ ಅಧಿಕೃತ ಪಿಸ್ತೂಲು ಅದೇ. ಎರಡು ಮಹಾಯುದ್ಧ, ಕೊರಿಯಾ, ವಿಯೆಟ್ನಾಂ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

.45 ಹುಟ್ಟಿದ್ದೇ ಚಿಕ್ಕ ಬೋರ್ ಕೈಕೊಟ್ಟಿದ್ದಕ್ಕೆ. ಫಿಲಿಪೈನ್ಸ್‌ನಲ್ಲಿ ಮೋರೋ ಯೋಧರು .38 ರಿವಾಲ್ವರ್ ಗುಂಡು ತಿಂದರೂ ನಿಲ್ಲದೆ ನುಗ್ಗಿ ಬರುತ್ತಿದ್ದರು. ಅದಕ್ಕೇ ಭಾರದ ಗುಂಡು ಬೇಕು ಅಂತ ಸೈನ್ಯ ಹಟ ಹಿಡಿಯಿತು.

ಗುರಿಕಾರ_ಮೈಸೂರು
ಚರಿತ್ರೆ ಸರಿ ಇದೆ. ಆದರೆ ಆ ಪರೀಕ್ಷೆಗೆ ಕೊಟ್ಟದ್ದು ಹೊಸ ಪಿಸ್ತೂಲು, ಹೊಸ ಕಾಡತೂಸು, ಎಲ್ಲ ಒಂದೇ ತರಹದ ಉರುಟು ಮೂತಿಯ ಗುಂಡು. ನಡುನಡುವೆ ತಣ್ಣಗೆ ಮಾಡಿ, ಒರೆಸಿ, ಎಣ್ಣೆ ಹಾಕುತ್ತಿದ್ದರು. ಈ ಹಿರಿಯರ ಮನೆಯ ಬೀರುವಿನಲ್ಲಿರುವುದು ಆ ಪಿಸ್ತೂಲಲ್ಲ. ಮಾದರಿಯ ಹೆಸರು ಒಂದೇ, ಅಷ್ಟೇ. ಎಷ್ಟು ಕೈ ದಾಟಿ ಬಂದಿದೆಯೋ, ಯಾರು ಯಾವ ಸ್ಪ್ರಿಂಗ್ ಬದಲಾಯಿಸಿದ್ದಾರೋ ಯಾರಿಗೆ ಗೊತ್ತು?

ನಂಬಿಕೆ ಅಂದರೆ ಮಾದರಿಯ ಮೇಲೆ ಇಡುವುದಲ್ಲ. ನಿಮ್ಮ ಕೈಯಲ್ಲಿರುವ ಆ ಒಂದು ಪಿಸ್ತೂಲು, ಆ ಮ್ಯಾಗಜೀನ್, ಆ ಕಾಡತೂಸು, ಈ ಮೂರರ ಮೇಲೆ ಒಟ್ಟಿಗೆ ಇಡುವುದು. ಮೂರರಲ್ಲಿ ಒಂದು ಸರಿ ಇಲ್ಲದಿದ್ದರೂ ಪಿಸ್ತೂಲು ನಿಲ್ಲುತ್ತದೆ.

ಲಷ್ಕರ್_ಮೊಹಲ್ಲಾ
ಇದು ಸರಿಯಾದ ಮಾತು. ಬಿಡಿಭಾಗ ಸಿಗದ ಪಂಪ್‌ಸೆಟ್ಟನ್ನು ಯಾವ ರೈತನೂ ಬಾವಿಗೆ ಇಳಿಸುವುದಿಲ್ಲ, ಎಷ್ಟೇ ಒಳ್ಳೆಯ ಕಂಪನಿಯದಾದರೂ.

ನಾಗಮಂಗಲ_ತೋಟದಮನೆ
ನಮ್ಮ ಕಡೆ ಚಿರತೆ ಕಾಟ ಜಾಸ್ತಿ. ಕಬ್ಬಿನ ಗದ್ದೆಯಲ್ಲೇ ಮರಿ ಹಾಕುತ್ತವೆ. ಪಾಂಡವಪುರದಲ್ಲೂ ಹಾಗೇ ಇರಬೇಕು. ಚಿರತೆಗಾದರೂ .45 ಬೇಕಲ್ವಾ? .32 ಏನು ಮಾಡುತ್ತದೆ?

ಕಾಡಂಚು_ಎಚ್‌ಡಿಕೋಟೆ
ಈ ಯೋಚನೆ ತಲೆಯಿಂದ ತೆಗೆದುಬಿಡಿ. ಚಿರತೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನ ಪ್ರಾಣಿ. ಮೇಲೆ ಬಿದ್ದಾಗ ಪ್ರಾಣ ಉಳಿಸಿಕೊಳ್ಳಲು ಮಾಡಿದ್ದಕ್ಕೆ ಕಾಯ್ದೆಯಲ್ಲಿ ರಕ್ಷಣೆ ಇದೆ, ನಿಜ. ಗದ್ದೆಯಲ್ಲಿ ಕಂಡಿತು ಅಂತ ಹಾರಿಸಿದರೆ ಇಲ್ಲ. ಪಿಸ್ತೂಲಿನಿಂದ ಗಾಯಗೊಂಡ ಚಿರತೆ ಕಬ್ಬಿನೊಳಗೆ ನುಗ್ಗಿದರೆ ಮಾರನೇ ದಿನ ಕಬ್ಬು ಕಡಿಯಲು ಬರುವ ಹೆಂಗಸರ ಗತಿ ಏನು? ಮರಿ ಕಂಡರೆ ದೂರ ಸರಿದು ಅರಣ್ಯ ಇಲಾಖೆಗೆ ಫೋನ್ ಮಾಡಿ. ತಾಯಿ ಬಂದು ಎತ್ತಿಕೊಂಡು ಹೋಗುತ್ತದೆ. .45 ಇರಲಿ .32 ಇರಲಿ, ಚಿರತೆಗೆ ಅಂತ ಪಿಸ್ತೂಲು ತಗೊಳ್ಳಬಾರದು.

ಆಲೆಮನೆ_ಪಾಂಡವಪುರ
ಚಿರತೆಗೆ ಅಲ್ಲ ಸರ್. ದುಡ್ಡು ತರುವಾಗ ದಾರಿಯಲ್ಲಿ ಅಡ್ಡಹಾಕಿದರೆ, ರಾತ್ರಿ ಮನೆಗೆ ನುಗ್ಗಿದರೆ ಅಂತ. ನಮ್ಮ ಕಡೆ ಆಗಿದೆ, ಅದಕ್ಕೇ ಲೈಸೆನ್ಸ್ ಕೇಳಿದ್ದು.

ಗೃಹಿಣಿ_ಜಯಲಕ್ಷ್ಮೀಪುರಂ
ದುಡ್ಡು ಕೈಯಲ್ಲಿ ತರುವುದನ್ನೇ ಯಾಕೆ ಕಮ್ಮಿ ಮಾಡಬಾರದು? ಮಂಡಿಯವರು ಖಾತೆಗೆ ಹಾಕುತ್ತಾರೆ. ಕೂಲಿಯವರಲ್ಲಿ ಅರ್ಧದಷ್ಟು ಜನರ ಫೋನಿಗೂ ಹಾಕಬಹುದು. ಪಿಸ್ತೂಲು ಬೇಡ ಅನ್ನುತ್ತಿಲ್ಲ. ಆದರೆ ಭಯದ ಕಾರಣವನ್ನೇ ತೆಗೆಯಬಹುದಲ್ವಾ? ಇನ್ನೊಂದು, ಮನೆಯಲ್ಲಿ ಮಕ್ಕಳಿದ್ದಾರಾ?

ಆಲೆಮನೆ_ಪಾಂಡವಪುರ
ಇಬ್ಬರು ಇದ್ದಾರೆ ಅಕ್ಕ. ದೊಡ್ಡವನು ಆರನೇ ಕ್ಲಾಸು. ಖಾತೆಗೆ ಹಾಕಿಸಿಕೊಳ್ಳುವುದನ್ನು ಶುರುಮಾಡಿದ್ದೇವೆ. ಆದರೆ ಕಬ್ಬು ಕಡಿಯಲು ದೂರದಿಂದ ಬರುವ ಗ್ಯಾಂಗಿನವರು ನಗದೇ ಕೇಳುತ್ತಾರೆ.

ಗೃಹಿಣಿ_ಜಯಲಕ್ಷ್ಮೀಪುರಂ
ಹಾಗಾದರೆ ಪಿಸ್ತೂಲಿಗಿಂತ ಮೊದಲು ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆ ತಗೊಳ್ಳಿ. ನಮ್ಮ ತಂದೆ ಹಾಗೆ ಇಡುತ್ತಿದ್ದರು. ಪಿಸ್ತೂಲು ಒಂದರಲ್ಲಿ, ಕಾಡತೂಸು ಇನ್ನೊಂದರಲ್ಲಿ, ಬೀಗದ ಕೈ ಅವರ ಸೊಂಟದಲ್ಲಿ. ದಿಂಬಿನ ಕೆಳಗೆ, ಬೀರುವಿನ ಸೀರೆ ನಡುವೆ ಇಡುವುದು ಬೇಡವೇ ಬೇಡ. ಆರನೇ ಕ್ಲಾಸಿನ ಹುಡುಗನಿಗೆ ಗೊತ್ತಿಲ್ಲದ ಜಾಗ ಮನೆಯಲ್ಲಿ ಒಂದೂ ಇರುವುದಿಲ್ಲ.

ನಿವೃತ್ತ_ಹವಾಲ್ದಾರ್
ಈ ತಂಗಿ ಹೇಳಿದ್ದು ನೂರಕ್ಕೆ ನೂರು. ಅದರಲ್ಲೂ 1911 ಇರುವ ಮನೆಯಲ್ಲಿ. ಅದು ಸಿಂಗಲ್ ಆ್ಯಕ್ಷನ್. ಕುದುರೆ (ಹಿಂದೆ ಇರುವ ಸುತ್ತಿಗೆಯಂಥ ಭಾಗ) ಎಳೆದು, ಸೇಫ್ಟಿ ಹಾಕಿ ಸೊಂಟಕ್ಕೆ ಕಟ್ಟುವ ಪಿಸ್ತೂಲು. ತರಬೇತಿ ಇರುವ ಸೈನಿಕನಿಗೆ ಅದು ಸರಿ. ವರ್ಷಕ್ಕೆ ಒಮ್ಮೆ ಮುಟ್ಟುವವರಿಗೆ ಅಪಾಯ. ಚೇಂಬರ್ (ಹಾರುವ ಮೊದಲು ಕಾಡತೂಸು ಕೂರುವ ಜಾಗ) ಖಾಲಿ ಇಟ್ಟುಕೊಂಡರೆ ಗಾಬರಿಯಲ್ಲಿ ಎರಡೂ ಕೈ ಬೇಕು. ಕುದುರೆಯನ್ನು ಬೆರಳಲ್ಲಿ ಮೆಲ್ಲಗೆ ಇಳಿಸಲು ಹೋಗಿ ಗುಂಡು ಹಾರಿಸಿಕೊಂಡವರಿದ್ದಾರೆ.

ಕುವೆಂಪುನಗರ_ಹುಡುಗ
.45ಕ್ಕೂ .32ಕ್ಕೂ ನಿಜವಾಗಿ ಎಷ್ಟು ವ್ಯತ್ಯಾಸ?

ಗುರಿಕಾರ_ಮೈಸೂರು
ಕಾಗದದ ಮೇಲೆ ಬಹಳ. .45 ಗುಂಡು 230 ಗ್ರೇನ್, ಅಂದರೆ ಸುಮಾರು 15 ಗ್ರಾಂ. ಸೆಕೆಂಡಿಗೆ ಸುಮಾರು 250 ಮೀಟರ್ ವೇಗ. ಶಬ್ದದ ವೇಗಕ್ಕಿಂತ ಕಮ್ಮಿ. .32 ಗುಂಡು 71 ಗ್ರೇನ್, ಐದು ಗ್ರಾಂ ಕೂಡ ಇಲ್ಲ. ವೇಗ ಸ್ವಲ್ಪ ಜಾಸ್ತಿ. ಶಕ್ತಿ ಲೆಕ್ಕ ಹಾಕಿದರೆ .45 ಎರಡೂವರೆ ಪಟ್ಟಿಗಿಂತ ಮೇಲೆ.

ಆದರೆ ತಾಗಿದರೆ ಮಾತ್ರ ಆ ಲೆಕ್ಕ. 1986ರಲ್ಲಿ ಅಮೆರಿಕದ ಮಯಾಮಿಯಲ್ಲಿ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐನವರಿಗೂ ಇಬ್ಬರು ದರೋಡೆಕೋರರಿಗೂ ಗುಂಡಿನ ಕಾಳಗ ಆಯಿತು. ಇಬ್ಬರು ಏಜೆಂಟರು ಸತ್ತರು. ನಮ್ಮ ಗುಂಡಿಗೆ ಬಲ ಸಾಲದು ಅಂತ ಅವರು ದೊಡ್ಡದಾದ 10 ಎಂಎಂಗೆ ಹೋದರು. ಅದರ ಒದೆತ ಬಹಳ ಜನರ ಕೈಗೆ ಬಗ್ಗಲಿಲ್ಲ. ಅದನ್ನು ಇಳಿಸಿ .40 ಮಾಡಿದರು. ಕೊನೆಗೆ 2015ರ ಹೊತ್ತಿಗೆ ಮತ್ತೆ 9 ಎಂಎಂಗೇ ಬಂದರು. ಕಾರಣ ಸರಳ. ಒದೆತ ಕಮ್ಮಿ ಇದ್ದರೆ ಜನ ಬೇಗ, ಸರಿಯಾಗಿ ಹೊಡೆಯುತ್ತಾರೆ. ಕಾಡತೂಸಿನ ಗುಣಮಟ್ಟವೂ ಅಷ್ಟರಲ್ಲಿ ಸುಧಾರಿಸಿತ್ತು.

ಮದ್ದೂರಿನವ
ಸರ್, ಅವರು ಇಳಿದಿದ್ದು 9 ಎಂಎಂಗೆ, .32ಕ್ಕೆ ಅಲ್ಲ. .32 ಅನ್ನು ಸಮರ್ಥಿಸಲು ಎಫ್‌ಬಿಐ ಉದಾಹರಣೆ ಕೊಡುವುದು ನ್ಯಾಯವಲ್ಲ. 9 ಎಂಎಂ ನಮಗೆ ನಿಷೇಧ. ಉಳಿದ ಎರಡರಲ್ಲಿ ಬಲ ಇರುವುದು .45ಕ್ಕೇ.

ಗುರಿಕಾರ_ಮೈಸೂರು
ನಿಮ್ಮ ಮಾತಿನಲ್ಲಿ ಹುರುಳಿದೆ. .32 ಬಲವಾದ ಕಾಡತೂಸು ಅಂತ ನಾನೂ ಹೇಳುವುದಿಲ್ಲ. ನನ್ನ ಪ್ರಶ್ನೆ ಬೇರೆ. ಇವರು ಆ .45 ಹಿಡಿದು ವರ್ಷಕ್ಕೆ ಎಷ್ಟು ಗುಂಡು ಅಭ್ಯಾಸ ಮಾಡಬಲ್ಲರು? .32 ಕಾಡತೂಸು ಸರ್ಕಾರಿ ಕಾರ್ಖಾನೆಯದು ಸಿಗುತ್ತದೆ. ಕೆಎಫ್ ಗುರುತಿನದು, ಪುಣೆ ಖಡ್ಕಿಯದು. .45 ಸಿಕ್ಕಿದರೆ ಅದೃಷ್ಟ. ಸಿಕ್ಕಿದಾಗ ಅಂಗಡಿಯವರು ಹೇಳಿದ ಬೆಲೆ. ಹಾಗಾಗಿ .45 ಇಟ್ಟುಕೊಂಡವರು ಗುಂಡನ್ನು ಚಿನ್ನ ಕಾಪಾಡಿಕೊಂಡಂತೆ ಕಾಪಾಡಿಕೊಳ್ಳುತ್ತಾರೆ, ಹಾರಿಸುವುದೇ ಇಲ್ಲ. ಹಾರಿಸದ ಪಿಸ್ತೂಲು ಕೆಲಸ ಮಾಡುತ್ತದೋ ಇಲ್ಲವೋ ಹೇಗೆ ಗೊತ್ತಾಗಬೇಕು?

ಕಬಿನಿ_ಹಿನ್ನೀರು
.32 ಸಿಕ್ಕಿಹಾಕಿಕೊಳ್ಳುವುದಿಲ್ಲ ಅಂದುಕೊಳ್ಳಬೇಡಿ. ನನ್ನ ಹತ್ತಿರ ಇದ್ದ ಒಂದು .32 ಪಿಸ್ತೂಲು (ಯಾರದು ಅಂತ ಬೇಡ) ಎರಡನೇ ಗುಂಡಿಗೇ ನಿಲ್ಲುತ್ತಿತ್ತು. ಮ್ಯಾಗಜೀನ್ ಬದಲಾಯಿಸಿದ ಮೇಲೆ ಸರಿಹೋಯಿತು.

ಲಷ್ಕರ್_ಮೊಹಲ್ಲಾ
ಅದಕ್ಕೆ ಕಾರಣ ಇದೆ. .32 ಎಸಿಪಿ ಕಾಡತೂಸಿನ ತಳದಲ್ಲಿ ಸಣ್ಣ ಅಂಚು ಹೊರಗೆ ಚಾಚಿರುತ್ತದೆ. ಮ್ಯಾಗಜೀನ್‌ಗೆ ತುಂಬುವಾಗ ಮೇಲಿನ ಕಾಡತೂಸಿನ ಅಂಚು ಕೆಳಗಿನದರ ಅಂಚಿನ ಹಿಂದೆ ಬಿದ್ದರೆ ಎರಡೂ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ಆಗ ಟಪ್ ಅಂತ ಬಡಿದರೂ ಬಿಡುವುದಿಲ್ಲ, ಮ್ಯಾಗಜೀನ್ ತೆಗೆದು ಬಿಡಿಸಬೇಕು. ತುಂಬುವಾಗ ಪ್ರತಿಯೊಂದನ್ನೂ ಹಿಂದಕ್ಕೆ ಒತ್ತಿ, ಮೇಲಿನದು ಮುಂದೆ ಇರುವಂತೆ ನೋಡಿ ತುಂಬಿ. ಮೂತಿ ಟೊಳ್ಳಾದ ಗಿಡ್ಡ ಗುಂಡು ಹಾಕಿದರೆ ಈ ತೊಂದರೆ ಜಾಸ್ತಿ. ಉರುಟು ಮೂತಿಯದೇ ಹಾಕಿ.

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಕೋವಿ ರಿಪೇರಿ ಕೆಲಸ. ಹಾಗಾಗಿ ಆ 1911 ನೋಡಲು ಹೋದಾಗ ಏನು ನೋಡಬೇಕು ಅಂತ ಬರೆಯುತ್ತೇನೆ.

ಮೊದಲು ಮ್ಯಾಗಜೀನ್ ತೆಗೆಸಿ, ಸ್ಲೈಡ್ (ಮೇಲೆ ಹಿಂದೆ ಮುಂದೆ ಜಾರುವ ಭಾಗ) ಎಳೆಸಿ, ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ. ಆಮೇಲೆ ಬಾಡಿಯ ಮೇಲಿನ ನಂಬರ್, ಅವರ ಲೈಸೆನ್ಸ್‌ನಲ್ಲಿರುವ ನಂಬರ್ ಒಂದೇನಾ ನೋಡಿ. ನಂಬರ್ ಉಜ್ಜಿದ ಗುರುತು ಇದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಬ್ಯಾರೆಲ್ ಒಳಗೆ ಬೆಳಕು ಬಿಟ್ಟು ನೋಡಿ. ಹಳೆಯ ಕಾಡತೂಸಿನ ಕ್ಯಾಪಿನಲ್ಲಿ ತುಕ್ಕು ಹಿಡಿಸುವ ಉಪ್ಪು ಇರುತ್ತಿತ್ತು. ಹಾರಿಸಿದ ದಿನವೇ ತೊಳೆಯದಿದ್ದರೆ ಒಳಗೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಚೇಂಬರ್‌ನಲ್ಲಿ ಗುಳಿ ಇದ್ದರೆ ಖಾಲಿ ಕೇಸು ಹೊರಗೆ ಬರುವುದಿಲ್ಲ.

ಕುದುರೆ ಎಳೆದು, ಸೇಫ್ಟಿ ಹಾಕಿ, ಟ್ರಿಗರ್ ಗಟ್ಟಿಯಾಗಿ ಒತ್ತಿ ಬಿಡಿ. ಈಗ ಸೇಫ್ಟಿ ತೆಗೆಯಿರಿ. ಕುದುರೆ ತಾನಾಗಿ ಬಿದ್ದರೆ ಸೇಫ್ಟಿ ಸವೆದಿದೆ. ಹಿಡಿಯ ಹಿಂದಿನ ಸೇಫ್ಟಿ ಒತ್ತದೆ ಟ್ರಿಗರ್ ಒತ್ತಿದರೆ ಕುದುರೆ ಬೀಳಬಾರದು. ಸ್ಲೈಡ್ ಜೋರಾಗಿ ಮುಚ್ಚಿದಾಗ ಕುದುರೆ ಹಿಂಬಾಲಿಸಿ ಇಳಿದರೆ ಆ ಪಿಸ್ತೂಲನ್ನು ತುಂಬಲೇಬೇಡಿ.

1911ರಲ್ಲಿ ಎಕ್ಸ್‌ಟ್ರ್ಯಾಕ್ಟರ್ ಅನ್ನುವುದು ಖಾಲಿ ಕೇಸನ್ನು ಎಳೆದು ತೆಗೆಯುವ, ಒಳಗಿರುವ ಉದ್ದದ ಸ್ಪ್ರಿಂಗ್ ಉಕ್ಕಿನ ಕಡ್ಡಿ. ಅದರ ಬಿಗಿ ಹೋದರೆ ಪಿಸ್ತೂಲು ಒಮ್ಮೆ ಸರಿ, ಒಮ್ಮೆ ತಪ್ಪು. ಹಳೆಯ 1911ರ ಕಾಯಿಲೆಗಳಲ್ಲಿ ಹೆಚ್ಚಿನವು ಎರಡೇ ಕಡೆ ಇರುತ್ತವೆ, ಒಂದು ಈ ಕಡ್ಡಿ, ಇನ್ನೊಂದು ಮ್ಯಾಗಜೀನ್‌ನ ತುಟಿ, ಅಂದರೆ ಕಾಡತೂಸನ್ನು ಹಿಡಿದಿಡುವ ಬಾಯಿಯ ಅಂಚು. ರಿಕಾಯಿಲ್ ಸ್ಪ್ರಿಂಗ್ (ಸ್ಲೈಡನ್ನು ವಾಪಸ್ ಮುಂದಕ್ಕೆ ತಳ್ಳುವುದು) ಐದು ಇಂಚಿನ ಬ್ಯಾರೆಲ್‌ಗೆ 16 ಪೌಂಡಿನದು ಇರಬೇಕು. ಅದು ಸೋತಿದ್ದರೆ ಪ್ರತಿ ಹೊಡೆತಕ್ಕೂ ಸ್ಲೈಡ್ ಬಾಡಿಗೆ ಬಡಿಯುತ್ತದೆ. ತೀರಾ ಹಳೆಯ, ಮೊದಲ ಮಹಾಯುದ್ಧದ ಕಾಲದ ಸ್ಲೈಡ್‌ಗಳ ಉಕ್ಕು ಮೆದು, ಬಿರುಕು ಬಿಟ್ಟದ್ದು ಇದೆ.

ಆಲೆಮನೆ_ಪಾಂಡವಪುರ
ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಣ್ಣ. ಪ್ರಿಂಟ್ ಹಾಕಿಸಿಕೊಂಡೇ ಹೋಗುತ್ತೇನೆ. ಕೆಳಗೆ ಬಿದ್ದರೆ ತಾನಾಗೇ ಹಾರುತ್ತದೆ ಅಂತ ಯಾರೋ ಹೆದರಿಸಿದರು, ಹೌದಾ?

ಲಷ್ಕರ್_ಮೊಹಲ್ಲಾ
ಚೇಂಬರ್‌ನಲ್ಲಿ ಗುಂಡಿದ್ದು, ಮೂತಿ ಕೆಳಗಾಗಿ ಎತ್ತರದಿಂದ ಗಟ್ಟಿ ನೆಲಕ್ಕೆ ಬಿದ್ದರೆ ಹಳೆಯ ಮಾದರಿಯಲ್ಲಿ ಸಾಧ್ಯತೆ ಇದೆ. ಕೋಲ್ಟ್‌ನ ಸೀರೀಸ್ 80 ಬಂದ ಮೇಲೆ ಫೈರಿಂಗ್ ಪಿನ್‌ಗೆ (ಕಾಡತೂಸಿನ ಹಿಂಬದಿಗೆ ಬಡಿಯುವ ಕಡ್ಡಿ) ತಡೆ ಹಾಕಿದರು. ಟ್ರಿಗರ್ ಒತ್ತದೆ ಪಿನ್ ಮುಂದೆ ಹೋಗುವುದಿಲ್ಲ. ನೀವು ನೋಡುತ್ತಿರುವುದು ಅದಕ್ಕಿಂತ ಹಳೆಯದು ಅನ್ನಿಸುತ್ತದೆ.

ಸರಸ್ವತಿಪುರಂ_ವಕೀಲ
ಖರೀದಿ ಬಗ್ಗೆಯೂ ಹೇಳಿಬಿಡುತ್ತೇನೆ. ಖಾಸಗಿಯವರು ತಮ್ಮ ಸ್ವಂತ ಶಸ್ತ್ರ ಮಾರಬಹುದು. ಆದರೆ ಯಾರಿಗೆ ಮಾರುತ್ತಿದ್ದೇನೆ ಅಂತ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣಾಧಿಕಾರಿಗೋ ಬರವಣಿಗೆಯಲ್ಲಿ ತಿಳಿಸಬೇಕು. ತಿಳಿಸಿ 45 ದಿನ ಕಳೆಯಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್. ಅದಕ್ಕೆ ಮೊದಲು ದುಡ್ಡು ಕೊಟ್ಟು ಪಿಸ್ತೂಲು ಮನೆಗೆ ತರುವಂತಿಲ್ಲ. ನಿಮ್ಮ ಲೈಸೆನ್ಸ್‌ನಲ್ಲಿ ಖರೀದಿಗೆ ಕೊಟ್ಟಿರುವ ಗಡುವು ಈ 45 ದಿನಕ್ಕೆ ಸಾಲುತ್ತದಾ ನೋಡಿಕೊಳ್ಳಿ. ಸಾಲದಿದ್ದರೆ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಿ.

ಮನೆಯಲ್ಲಿ ತಾತನ ಕಾಲದ ಕೋವಿ ನಿಮ್ಮ ಹೆಸರಿನಲ್ಲಿ ಇದೆಯಾ? 2019ರಿಂದ ಒಬ್ಬರಿಗೆ ಎರಡೇ ಶಸ್ತ್ರ. ಮೊದಲು ಮೂರು ಇತ್ತು.

ಕೊನೆಯದಾಗಿ, ದರೋಡೆ ಅಂದಿರಿ. ಆತ್ಮರಕ್ಷಣೆಯ ಹಕ್ಕು ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳಲ್ಲಿದೆ. ದರೋಡೆ, ರಾತ್ರಿ ಕನ್ನಗಳವು ಇಂಥ ಸಂದರ್ಭಗಳಲ್ಲಿ ಅದು ಬಹಳ ದೂರದವರೆಗೆ ಹೋಗುತ್ತದೆ. ಆದರೆ ಬೇಕಾದ್ದಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕು ಅದಲ್ಲ. ಓಡಿಹೋಗುತ್ತಿರುವವನ ಬೆನ್ನಿಗೆ ಹೊಡೆದರೆ ನೀವೇ ಆರೋಪಿ. ಬೋರ್ ಎಷ್ಟು ಅಂತ ಯೋಚಿಸುವಷ್ಟೇ ಹೊತ್ತು ಇದನ್ನೂ ಯೋಚಿಸಿ.

ನಾಗಮಂಗಲ_ತೋಟದಮನೆ
ಮದುವೆ ಮನೆಯಲ್ಲಿ ಗಾಳಿಯಲ್ಲಿ ಹಾರಿಸುವವರಿಗೂ ಕೇಸು ಅಂತೆ, ಹೌದಾ ವಕೀಲರೇ?

ಸರಸ್ವತಿಪುರಂ_ವಕೀಲ
ಹೌದು. ಸಂಭ್ರಮಕ್ಕೆ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅದೂ 2019ರ ತಿದ್ದುಪಡಿಯಲ್ಲೇ ಬಂದದ್ದು.

ಕುವೆಂಪುನಗರ_ಹುಡುಗ
ಸಂಭ್ರಮಕ್ಕೆ ಹಾರಿಸುವುದು ದಸರಾದಲ್ಲಿ ಮಾತ್ರ ಚೆಂದ. 21 ಕುಶಾಲತೋಪು ಕೇಳಿದರೆ ಈಗಲೂ ಮೈ ಜುಂ ಅನ್ನುತ್ತದೆ.

ಗೃಹಿಣಿ_ಜಯಲಕ್ಷ್ಮೀಪುರಂ
ಆನೆಗಳಿಗೆ, ಕುದುರೆಗಳಿಗೆ ಮೊದಲೇ ತಾಲೀಮು ಕೊಡುತ್ತಾರಲ್ಲ, ಸದ್ದಿಗೆ ಬೆದರದಿರಲಿ ಅಂತ. ಮೊದಲ ತಾಲೀಮಿಗೂ ಕೊನೆಯ ತಾಲೀಮಿಗೂ ಆನೆಗಳ ನಡವಳಿಕೆಯಲ್ಲಿ ಎಷ್ಟು ವ್ಯತ್ಯಾಸ!

ನಿವೃತ್ತ_ಹವಾಲ್ದಾರ್
ಸದ್ದಿನ ವಿಷಯ ಬಂತು, ಹೇಳುತ್ತೇನೆ. ಪಿಸ್ತೂಲಿನ ಸದ್ದು 150 ಡೆಸಿಬಲ್ ದಾಟುತ್ತದೆ. ಕಿವಿಗೆ ಹತ್ತಿಯಲ್ಲ, ಸರಿಯಾದ ಇಯರ್ ಮಫ್ ಹಾಕಿ. ನಮ್ಮ ಕಾಲದಲ್ಲಿ ಅಷ್ಟು ಗಮನ ಕೊಡಲಿಲ್ಲ. ಈಗ ನನ್ನ ಎಡಗಿವಿ ಸರಿಯಾಗಿ ಕೇಳುವುದಿಲ್ಲ.

ಶ್ರೀರಂಗಪಟ್ಟಣ_ಕೋಟೆಬೀದಿ
ನಮ್ಮೂರಿನ ಟಿಪ್ಪು ಮದ್ದಿನ ಮನೆ ನೋಡಿದ್ದೀರಾ? ಅರ್ಧ ನೆಲದೊಳಗೆ ಇಳಿಸಿ, ದಪ್ಪ ಗೋಡೆ ಕಟ್ಟಿದ್ದಾರೆ. 2017ರಲ್ಲಿ ರೈಲಿಗೆ ಜೋಡಿ ಹಳಿ ಹಾಕುವಾಗ ಒಂದನ್ನು ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು. ಮದ್ದು ಒಣಗಿದ್ದು, ತಂಪಾಗಿದ್ದು ಇರಬೇಕು ಅನ್ನುವುದು ಆ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು. ನಾವು ಕಾಡತೂಸನ್ನು ಒಲೆ ಪಕ್ಕದ ಕಪಾಟಿನಲ್ಲಿ ಇಡುತ್ತೇವೆ.

ಕಬಿನಿ_ಹಿನ್ನೀರು
ಒಣಗಿರಬೇಕು ಅನ್ನುವುದು ಪಿಸ್ತೂಲಿಗೂ ಸರಿ. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಚರ್ಮ ತೇವ ಹೀರಿಕೊಂಡು ಹಿಡಿದುಕೊಳ್ಳುತ್ತದೆ, ಉಕ್ಕಿಗೆ ತುಕ್ಕು ಬರುತ್ತದೆ. ಚುನಾವಣೆ ಸಮಯದಲ್ಲಿ ಪಿಸ್ತೂಲನ್ನು ಠಾಣೆಗೆ ಜಮೆ ಮಾಡುವಾಗಲೂ ಅಷ್ಟೇ. ಚೆನ್ನಾಗಿ ಎಣ್ಣೆ ಸವರಿ, ಬಟ್ಟೆ ಸುತ್ತಿ, ರಸೀದಿಯಲ್ಲಿ ನಂಬರ್ ಸರಿಯಾಗಿ ಬರೆಸಿಕೊಂಡು ಬನ್ನಿ. ವಾಪಸ್ ತಂದ ದಿನವೇ ಬಿಚ್ಚಿ ಒರೆಸಿ.

ಆಲೆಮನೆ_ಪಾಂಡವಪುರ
ಹೋಗಿ ನೋಡಿ ಬಂದೆ. ಹಿರಿಯರು ಬಹಳ ಒಳ್ಳೆಯವರು, ಎಲ್ಲ ಬಿಚ್ಚಿ ತೋರಿಸಿದರು. ನಂಬರ್ ಸರಿ ಇದೆ. ಸೇಫ್ಟಿ ಎರಡೂ ಸರಿ ಇವೆ. ಬ್ಯಾರೆಲ್‌ನಲ್ಲಿ ಅಲ್ಲಲ್ಲಿ ಗುಳಿ ಇದೆ. ಮ್ಯಾಗಜೀನ್ ಒಂದೇ. ಅದರ ತುಟಿ ಸ್ವಲ್ಪ ಬಾಗಿದಂತೆ ಕಂಡಿತು. ಕಾಡತೂಸು ಒಂದು ಸಣ್ಣ ಡಬ್ಬಿಯಷ್ಟು, ಮೂರು ನಾಲ್ಕು ಬೇರೆ ಬೇರೆ ಗುರುತಿನವು, ಕೆಲವಕ್ಕೆ ಹಸಿರು ಹಿಡಿದಿದೆ. ಕೊನೆಗೆ ಯಾವಾಗ ಹಾರಿಸಿದ್ದು ಅಂತ ಅವರಿಗೇ ನೆನಪಿಲ್ಲ.

ಗುರಿಕಾರ_ಮೈಸೂರು
ನಾನಾದರೆ ಬಿಟ್ಟುಬಿಡುತ್ತೇನೆ. ಹಸಿರು ಹಿಡಿದ ಕಾಡತೂಸನ್ನು ಯಾವ ಪಿಸ್ತೂಲಿಗೂ ಹಾಕಬೇಡಿ ಅಂತ ಅವರಿಗೂ ಹೇಳಿ. ಅದನ್ನು ಲೈಸೆನ್ಸ್ ಇರುವ ಅಂಗಡಿಗೆ ಒಪ್ಪಿಸಲಿ.

ಮದ್ದೂರಿನವ
ಮ್ಯಾಗಜೀನ್, ಬ್ಯಾರೆಲ್ ಹೊಂದಿಸಿದರೆ ಇನ್ನೂ ಒಂದು ತಲೆಮಾರು ಓಡುತ್ತದೆ. ಇಂಥ ಪಿಸ್ತೂಲು ಮತ್ತೆ ಸಿಗುವುದಿಲ್ಲ ಅಣ್ಣ, ಬಿಡಬೇಡಿ.

ಲಷ್ಕರ್_ಮೊಹಲ್ಲಾ
ಹೊಂದಿಸುವುದು ಎಲ್ಲಿಂದ? ಬ್ಯಾರೆಲ್ ಕೂಡ ಲೆಕ್ಕಕ್ಕೆ ಬರುವ ಭಾಗ, ಲೈಸೆನ್ಸ್ ಬೇಕು. ನನ್ನ ಕೈಗೆ ಬಂದ 1911ಗಳಿಗೆ ಮ್ಯಾಗಜೀನ್ ಹುಡುಕುವುದೇ ದೊಡ್ಡ ಕೆಲಸವಾಗಿದೆ. ಸಂಗ್ರಹಕ್ಕೆ ಇಡುವವರಿಗೆ ಇದು ಒಳ್ಳೆಯ ಪಿಸ್ತೂಲು. ರಾತ್ರಿ ಹೊತ್ತು ದುಡ್ಡಿನ ಚೀಲ ಹಿಡಿದು ಬರುವವರಿಗೆ ಅಲ್ಲ.

ನಿವೃತ್ತ_ಹವಾಲ್ದಾರ್
.32 ರಿವಾಲ್ವರ್ ಯೋಚಿಸಿದ್ದೀರಾ? ಕಾನ್ಪುರದ್ದು. ಆರು ಗುಂಡು. ಒಂದು ಹಾರದಿದ್ದರೆ ಇನ್ನೊಮ್ಮೆ ಟ್ರಿಗರ್ ಒತ್ತಿದರೆ ಮುಂದಿನದು ಬರುತ್ತದೆ. ಮ್ಯಾಗಜೀನ್ ಇಲ್ಲ, ಸ್ಲೈಡ್ ಇಲ್ಲ. ಅಭ್ಯಾಸ ಕಮ್ಮಿ ಇರುವವರಿಗೆ ಅದೇ ಸರಿ ಅಂತ ನನ್ನ ಅಭಿಪ್ರಾಯ.

ಆಲೆಮನೆ_ಪಾಂಡವಪುರ
ಲೈಸೆನ್ಸ್‌ನಲ್ಲಿ ಪಿಸ್ತೂಲು ಅಂತ ಇದೆ ಸರ್. ರಿವಾಲ್ವರ್‌ಗೆ ಬದಲಾಯಿಸಬೇಕಾದರೆ ಮತ್ತೆ ಅರ್ಜಿ. ಮನೆಯವರ ಜೊತೆ ಮಾತಾಡಿ ಹೊಸ .32 ಪಿಸ್ತೂಲೇ ಅಂತ ತೀರ್ಮಾನ ಮಾಡಿದ್ದೇವೆ. ಕಬ್ಬಿಣದ ಪೆಟ್ಟಿಗೆ ಮಂಡ್ಯದಲ್ಲಿ ಮಾಡಿಸಲು ಕೊಟ್ಟಿದ್ದೇನೆ. ಹಿರಿಯರಿಗೂ ಫೋನ್ ಮಾಡಿ ಹೇಳಿದೆ, ಬೇಸರ ಮಾಡಿಕೊಳ್ಳಲಿಲ್ಲ.

ಗುರಿಕಾರ_ಮೈಸೂರು
ಒಳ್ಳೆಯದಾಯಿತು. ಅಂಗಡಿಯಲ್ಲಿ ಇರುವುದರಲ್ಲಿ ಎರಡು ಮೂರು ಪೀಸ್ ತೆಗೆಸಿ ನೋಡಿ, ಒಂದೇ ಕಾರ್ಖಾನೆಯದಾದರೂ ಒಂದರಿಂದ ಒಂದಕ್ಕೆ ವ್ಯತ್ಯಾಸ ಇರುತ್ತದೆ. ಹೆಚ್ಚುವರಿ ಮ್ಯಾಗಜೀನ್ ಅವತ್ತೇ ಕೇಳಿ. ರೇಂಜಿನಲ್ಲಿ ತರಬೇತುದಾರರ ಎದುರು ಎರಡೂ ಮ್ಯಾಗಜೀನ್‌ನಿಂದ ಹಾರಿಸಿ, ಎಲ್ಲಾದರೂ ನಿಂತರೆ ಯಾವ ಮ್ಯಾಗಜೀನ್ ಅಂತ ಗುರುತು ಹಾಕಿಕೊಳ್ಳಿ. ಆಮೇಲೆ ಒಂದು .177 ಏರ್ ಪಿಸ್ತೂಲು ತಗೊಳ್ಳಿ. ಗುಂಡಿನ ಶಕ್ತಿ 20 ಜೂಲ್ ಒಳಗಿನದಕ್ಕೆ ಲೈಸೆನ್ಸ್ ಬೇಡ. ಕೈ, ಕಣ್ಣು, ಟ್ರಿಗರ್ ಅಭ್ಯಾಸವೆಲ್ಲ ಅದರಲ್ಲೇ ಆಗುತ್ತದೆ, ಗುಂಡಿನ ಖರ್ಚೂ ಬಹಳ ಕಮ್ಮಿ.

ಮದ್ದೂರಿನವ
ಆ .45 ಇನ್ನೂ ಮಾರಾಟಕ್ಕೆ ಇದೆಯಾ ಅಣ್ಣ? ನನ್ನ ಲೈಸೆನ್ಸ್‌ನಲ್ಲಿ ಒಂದು ಜಾಗ ಖಾಲಿ ಇದೆ.

ಸರಸ್ವತಿಪುರಂ_ವಕೀಲ
45 ದಿನ, ಮರೆಯಬೇಡಿ.